ದೀಪ ಹಾಕುವ ಹೊತ್ತು

ಹಲಸೂರು ಕೆರೆಯ ಹಿಂದಿನ ರಸ್ತೆಯಲ್ಲಿ ನಾವು ಕಟ್ಟಿದ ನಾಲ್ಕು ಮಹಡಿಯ ಆಫೀಸಿಗೆ ಒಂದೇ ಷರತ್ತಿತ್ತು: ವರ್ಷಕ್ಕೆ ಎಷ್ಟು ವಿದ್ಯುತ್ ಬಳಸುತ್ತದೋ ಅಷ್ಟನ್ನೂ ಅದರ ತಾರಸಿಯ ಸೋಲಾರ್ ಫಲಕಗಳೇ ಕೊಡಬೇಕು. ವಿನ್ಯಾಸ ನನ್ನದು. ಮೊದಲ ವರ್ಷ ನಡೆಸಿ ತೋರಿಸುವ ಹೊಣೆಯೂ ನನ್ನದೇ. ಲೆಕ್ಕ ಮೀರಿದರೆ ಈ ಪ್ರಯೋಗವೇ ಬೇಡ, ಎಲ್ಲರ ಆಫೀಸಿನಂತೆ ಕಿಟಕಿಗಳನ್ನೆಲ್ಲ ಮುಚ್ಚಿಸಿ ಎಸಿ ಹಾಕಿಸುವುದಾಗಿ ಮಾಲೀಕರು ಹೇಳಿದ್ದರು. ಅವರ ಅಜ್ಜ ಅದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ.

ಮಧ್ಯಾಹ್ನ ಕೆರೆಯ ಗಾಳಿ ಕೆಳಗಿನ ಕಿಟಕಿಗಳಿಂದ ಬಂದು, ನಡುವಿನ ತೆರೆದ ಅಂಗಳದಲ್ಲಿ ಮೇಲೇರಿ ಹೋಗುತ್ತಿತ್ತು. ನಕ್ಷೆಯಲ್ಲಿ ನಾನು ಬಾಣದ ಗುರುತು ಹಾಕಿದ್ದ ಗಾಳಿ ಈಗ ಯಾರದೋ ಮೇಜಿನ ಹಾಳೆ ಅಲುಗಿಸುತ್ತಿತ್ತು. ಬೆಳಿಗ್ಗೆ ಅಂಗಳದ ಬಿಳಿ ಗೋಡೆಯ ಮೇಲೆ ಬಿಸಿಲು ಒಂದೊಂದೇ ಮಹಡಿ ಇಳಿಯುತ್ತಿತ್ತು. ಅದು ತಳ ಮುಟ್ಟುವವರೆಗೆ ಎಷ್ಟೋ ದಿನ ಸುಮ್ಮನೆ ನೋಡುತ್ತ ಕೂತಿದ್ದೇನೆ.

ಏಳನೆಯ ತಿಂಗಳಲ್ಲಿ ಲೆಕ್ಕ ಕೆಟ್ಟಿತು. ದಿನಾ ಸಂಜೆ ಆರಕ್ಕೆ ಮೀಟರಿನ ಗೆರೆ ಗುಡ್ಡದಂತೆ ಏಳುತ್ತಿತ್ತು, ಒಂಬತ್ತಕ್ಕೆ ಇಳಿಯುತ್ತಿತ್ತು. ಆರರ ಹೊತ್ತಿಗೇ ಬಹುತೇಕರು ಮನೆಗೆ ಹೋಗಿರುತ್ತಿದ್ದರು. ಪಂಪು ನೋಡಿದೆ, ಲಿಫ್ಟು ನೋಡಿದೆ. ತಪ್ಪು ಸಿಗಲಿಲ್ಲ. ಒಂದು ಸಂಜೆ ಎರಡನೆಯ ಮಹಡಿಯಲ್ಲೇ ಕಾದು ಕೂತೆ.

ಆರಕ್ಕೆ ಸರಿಯಾಗಿ, ಹೊಸದಾಗಿ ಸೇರಿದ್ದ ಹೌಸ್‌ಕೀಪಿಂಗ್‌ ಅಮ್ಮ ಬಂದರು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಸ್ವಿಚ್ಚು ಒತ್ತಿ ಕೈ ಮುಗಿದರು. ಇಡೀ ಮಹಡಿ ಝಗ್ಗೆಂದಿತು.

“ಅಮ್ಮ, ಇನ್ನೂ ಬೆಳಕಿದೆಯಲ್ಲ?”

“ಬೆಳಕಿದ್ರೇನು ಸಾರ್? ದೀಪ ಹಾಕೋ ಹೊತ್ತು. ಲಕ್ಷ್ಮಿ ಬರೋ ಟೈಮಲ್ಲಿ ಕತ್ಲೆ ಇಡ್ತಾರಾ?”

“ಇದು ಆಫೀಸು.”

“ಆಫೀಸಿಗೆ ಲಕ್ಷ್ಮಿ ಬೇಡ್ವಾ? ಓನರ್ ಸಾರ್‌ಗೆ ಹಂಗಂತ ಹೇಳ್ಲಾ?”

“ಒಂದು ದೀಪ ಸಾಲ್ದಾ?”

“ನಂಗೂ ಒಂದೇ ಸಾಕು. ಒಂದು ಒತ್ತಿದ್ರೆ ಊರೆಲ್ಲಾ ಹತ್ಕೊಳ್ಳೋ ಹಂಗೆ ಮಾಡಿದ್ಯಾರು ಸಾರ್?”

ಮಾಡಿದ್ದು ನಾನು. ಬೆಳಕು ಕಡಿಮೆಯಾದರೆ ಜನ ಇರುವ ಕಡೆ ಮಾತ್ರ ದೀಪಗಳು ತಾವೇ ಹತ್ತುತ್ತವೆ, ಕೈಯಿಂದ ಒತ್ತುವವರು ಯಾರೂ ಇರುವುದಿಲ್ಲ ಎಂದುಕೊಂಡು ಮಹಡಿಗೊಂದೇ ಸ್ವಿಚ್ಚು ಇಟ್ಟಿದ್ದೆ. ಅಮ್ಮ ಒತ್ತಿ ಹತ್ತಿಸಿದ ದೀಪಗಳನ್ನು ಒಂಬತ್ತರ ಸುತ್ತಿಗೆ ಬರುವ ಸೆಕ್ಯೂರಿಟಿಯವರು ಆರಿಸುತ್ತಿದ್ದರು.

ಮರುದಿನ ಎಲೆಕ್ಟ್ರಿಷಿಯನ್‌ ಮಹಡಿಗೊಂದು ಪುಟ್ಟ ದೀಪವನ್ನು ಮೆಟ್ಟಿಲ ಬಳಿ ಹಾಕಿ, ಅದಕ್ಕೆ ಬೇರೆ ಸ್ವಿಚ್ಚು ಕೊಟ್ಟರು. ಅಮ್ಮ ಒತ್ತಿ ನೋಡಿ, “ಈಗ ಮನೆ ಥರ ಆಯ್ತು” ಅಂದರು. ಗುಡ್ಡ ಇಳಿದು ಸಣ್ಣ ದಿಬ್ಬವಾಯಿತು.

ವರ್ಷ ತುಂಬಿದ ಸಂಜೆ ಮಾಲೀಕರು ಬಂದರು. ಬಳಸಿದ್ದಕ್ಕಿಂತ ತಾರಸಿ ಕೊಟ್ಟದ್ದೇ ಒಂದಿಷ್ಟು ಹೆಚ್ಚಿತ್ತು. ಅವರು ಹಾಳೆಯನ್ನು ಎರಡು ಸಲ ಓದಿದರು. ಹೊರಗೆ ಕೆರೆ ಬೂದಿಬಣ್ಣಕ್ಕೆ ತಿರುಗಿತ್ತು. ಗುಡಿಯ ಗಂಟೆ, ದೂರದ ಆಜಾನ್ ಎರಡೂ ತೆರೆದ ಕಿಟಕಿಯಿಂದ ಒಳಬಂದವು. ಮೆಟ್ಟಿಲ ಬಳಿ ಪುಟ್ಟ ದೀಪ ಹತ್ತಿತು.

“ಇದು ನಕ್ಷೆಯಲ್ಲಿ ಇರ್ಲಿಲ್ವಲ್ರೀ?” ಎಂದು ಮಾಲೀಕರು ಕೇಳಿದರು.

“ಮರೆತಿದ್ದೆ ಸಾರ್,” ಅಂದೆ.

ಅವರು ಚಪ್ಪಲಿ ಬಿಟ್ಟು ಕೈ ಮುಗಿದರು. “ಕಿಟಕಿ ಇರ್ಲಿ ಬಿಡಿ,” ಅಂದರು.