ಹಿಂದಿನದು ಸಣ್ಣ, ಮುಂದಿನದು ದಪ್ಪ

ನಾಗಸಂದ್ರದ ಸೈಕಲ್ ಅಂಗಡಿಯಲ್ಲಿ ಇವತ್ತು ಜಗಳಕ್ಕೇ ನಿಂತುಬಿಟ್ಟೆ, ಸ್ನೇಹಿತರೇ. ನಾಳೆ ಬೆಳಿಗ್ಗೆ ಮಗಳ ಬಿಎಂಎಕ್ಸ್ ರೇಸ್. ಮಣ್ಣಿನ ತಿರುವಿನಲ್ಲಿ ಜಾರದಿರಲು ಮುಂದಿನ ಚಕ್ರಕ್ಕೆ ದಪ್ಪ ಟೈರು, ಬೇಗ ಓಡಲು ಹಿಂದಿನ ಚಕ್ರಕ್ಕೆ ಸಣ್ಣ ಟೈರು ಬೇಕಂತೆ. ಅವಳಿಗೆ ಪರೀಕ್ಷೆ ಇದ್ದುದರಿಂದ ಸೈಕಲ್ಲನ್ನು ನಾನೇ ಒಯ್ದೆ.

"ಹಿಂದಿನದು ಸಣ್ಣ, ಮುಂದಿನದು ದಪ್ಪ" ಎಂದು ಮೆಕ್ಯಾನಿಕ್ ರಾಜಣ್ಣನಿಗೆ ಎರಡು ಸಲ ಹೇಳಿ ಕಾಫಿಗೆ ಹೋದೆ.

ಬಂದು ನೋಡಿದರೆ ಎರಡೂ ಚಕ್ರಕ್ಕೆ ದಪ್ಪ ಟೈರು!

"ಏನ್ ರಾಜಣ್ಣ ಇದು?"

"ನೀವೇ ಹೇಳಿದ್ರಲ್ಲ ಮೇಡಂ, ಹಿಂದಿನದು ಸಣ್ಣ ಇತ್ತು, ಮುಂದಿನದು ದಪ್ಪ ಇರ್ಲಿ ಅಂತ. ಹಳೇವು ಬಿಚ್ಚಿ ದಪ್ಪದ್ದು ಹಾಕ್ದೆ."

"ಅಯ್ಯೋ, ಹಳೇದಲ್ಲ, ಹಿಂದಿನದು!"

"ಹಿಂದಿನದು ಅಂದ್ರೆ ಹಳೇದೇ ತಾನೆ?"

"ಹಿಂದಿನದು ಅಂದ್ರೆ ಹಿಂದೆ ಇರೋದು!"

"ಅದೇ ಮೇಡಂ, ಹಿಂದೆ ಇದ್ದಿದ್ದು ಸಣ್ಣದು. ನಾನೂ ಅದನ್ನೇ ಹೇಳ್ತಿರೋದು."

ಪಂಚರ್ ಹಾಕಿಸಲು ಬಂದಿದ್ದ ಇಬ್ಬರು ನಗತೊಡಗಿದರು. ಈ ಟೈರಿನಲ್ಲಿ ಓಡಿದರೆ ನಾಳೆ ಮಗಳು ಸೋಲುವುದು ಖಂಡಿತ, ಆಮೇಲೆ ಮನೆಯಲ್ಲಿ ನನ್ನ ಗತಿ ಏನೆಂದು ಕೇಳಬೇಡಿ. ಕೊನೆಗೆ ಒಂದೊಂದೇ ಚಕ್ರವನ್ನು ತಟ್ಟಿ ತೋರಿಸಿದೆ.

"ಇದು ಫ್ರಂಟು, ದಪ್ಪ. ಅದು ಬ್ಯಾಕು, ಸಣ್ಣ."

ರಾಜಣ್ಣನ ಮುಖ ಅರಳಿತು. "ಹಂಗೆ ಅಚ್ಚ ಕನ್ನಡದಲ್ಲಿ ಹೇಳೋದಲ್ವಾ ಮೇಡಂ!"

ಐದೇ ನಿಮಿಷದಲ್ಲಿ ಸಣ್ಣ ಟೈರು ತನ್ನ ಜಾಗ ಸೇರಿತು. ಕನ್ನಡ ಎಂ.ಎ. ಓದಿದ ನಾನು "ಥ್ಯಾಂಕ್ಸ್" ಎಂದು ಹೇಳಿ, ತೆಪ್ಪಗೆ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.