ಹವಾಲ್ದಾರ ಕಾಕಾ ಬಾಯಿ ಬಿಟ್ಟ ದಿನ

ಹವಾಲ್ದಾರ ಕಾಕಾ ಅವರ ಎಡಗೈಯಲ್ಲಿ ಕೊನೆಯ ಎರಡು ಬೆರಳುಗಳಿರಲಿಲ್ಲ. ಬೆರಳಿರಬೇಕಾದ ಜಾಗದಲ್ಲಿ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ನುಣ್ಣಗೆ, ತುಸು ಕೆಂಪಗೆ ಬಿಗಿದುಕೊಂಡಿತ್ತು. ಚಳಿ ಬಿದ್ದರೆ ಅದು ಸೆಳೆಯುತ್ತಿತ್ತೋ ಏನೋ, ಮಾತಾಡುತ್ತಲೇ ಆ ಕೈಯನ್ನು ಬಗಲಲ್ಲಿ ಒತ್ತಿ ಹಿಡಿಯುತ್ತಿದ್ದರು. ಉಳಿದ ಮೂರೇ ಬೆರಳಲ್ಲಿ ಬಸಿಯ ಚಹಾವನ್ನು ಒಂದು ಹನಿಯೂ ಚೆಲ್ಲದೆ ಬಾಯಿಗೆ ಒಯ್ಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನಾನು ಗುಡೂರಿನ ಶಾಲೆಗೆ ಮಾಸ್ತರನಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಅರ್ಧ ಭಾಗ. ನನ್ನ ಊರು ಬಾದಾಮಿಯ ಕಡೆಯದು, ಮದುವೆ ಇನ್ನೂ ಆಗಿರಲಿಲ್ಲ. ಕಾಕಾ ಮತ್ತು ಕಾಕಿಗೆ ಮಕ್ಕಳಿರಲಿಲ್ಲ. ಹೀಗಾಗಿ ವಾರ ಕಳೆಯುವುದರೊಳಗೆ ನನ್ನ ಒಲೆ ಆರಿತು, ಅವರ ಪಡಸಾಲೆಯಲ್ಲೇ ನನಗೂ ತಾಟು ಬೀಳತೊಡಗಿತು.

ಮಿಲಿಟರಿ ಬಿಟ್ಟು ಬಂದು ವರ್ಷಗಳಾಗಿದ್ದರೂ ಅವರ ಅಂಗಳ ಕವಾಯತು ಮೈದಾನದಂತಿತ್ತು. ಕಸಬರಿಗೆಯನ್ನು ಹೆಂಡತಿಯ ಕೈಗೆ ಕೊಡದೆ ತಾವೇ ಗುಡಿಸುತ್ತಿದ್ದರು. ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ಒಂದೇ ಒಂದು ವಿಚಿತ್ರ ಅವರಲ್ಲಿತ್ತು. ಎದುರಿಗೆ ಯಾರಾದರೂ ಕೂತಲ್ಲಿಯೇ ತೂಕಡಿಸಿದರೆ ಅವರಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಮುದುಕನೊಬ್ಬನ ಭುಜ ಅಲುಗಿಸಿ ಎಬ್ಬಿಸಿ ಬೈಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಪರೀಕ್ಷೆಯ ಪೇಪರು ತಿದ್ದುತ್ತ ನಾನು ಗೋಡೆಗೆ ಒರಗಿದರೆ ಬಂದು ನಿಲ್ಲುತ್ತಿದ್ದರು.

"ಏಳ್ರಿ ಮಾಸ್ತರ. ಕುಂತಲ್ಲೆ ನಿದ್ದಿ ಮಾಡಬಾರದು. ಮಲಗೂದಿದ್ರ ಬಾಗಲಾ ಹಾಕ್ಕೊಂಡು ಮಲಗ್ರಿ."

ಬೆರಳು ಹೋದ ಕಥೆ ಊರಿಗೆಲ್ಲ ಗೊತ್ತಿತ್ತು. ನನಗೆ ಹೇಳಿದವರು ಕಿರಾಣಿ ಅಂಗಡಿಯ ಸಂಗಪ್ಪ, ಕಾಕಾನ ಬಾಲ್ಯದ ಗೆಳೆಯರು. ಇನ್ನೊಬ್ಬ ಗೆಳೆಯ ಮಾಳಪ್ಪ, ಕುರಿ ಕಾಯುವವ. ಕಾಕಾ ಮತ್ತು ಮಾಳಪ್ಪ ಒಂದೇ ದಿನ ಫೌಜಿಗೆ ಸೇರಿದವರು. ಅರವತ್ತೈದರ ಯುದ್ಧದಲ್ಲಿ ಇಬ್ಬರೂ ಪಂಜಾಬದ ಗಡಿಯಲ್ಲಿ ಒಂದೇ ಕಂದಕದಲ್ಲಿದ್ದರು. ಮಾಳಪ್ಪ ಪಹರೆಯ ಹೊತ್ತಿನಲ್ಲಿ ಕೂತಲ್ಲಿಯೇ ನಿದ್ದೆಹೋದ. ತೊಡೆಯ ಮೇಲಿದ್ದ ಬಂದೂಕಿನಿಂದ ಗುಂಡು ಹಾರಿ ಪಕ್ಕದಲ್ಲಿದ್ದ ಗೆಳೆಯನ ಬೆರಳು ಹೋದವು. ಮಾಳಪ್ಪನಿಗೆ ಜೈಲಾಯಿತು, ನೌಕರಿ ಹೋಯಿತು, ತಲೆ ತಗ್ಗಿಸಿಕೊಂಡು ಊರಿಗೆ ಬಂದು ಅಪ್ಪನ ಕುರಿ ಹಿಂದೆ ನಡೆದ. ಕಾಕಾ ದವಾಖಾನೆಯಿಂದ ಎದ್ದು, ಮುಂದೆ ಉಗ್ರಾಣದ ಕೆಲಸದಲ್ಲಿದ್ದು, ಹವಾಲ್ದಾರರಾಗಿ ಊರಿಗೆ ಬಂದರು. ಬಂದ ದಿನವೇ ಮಾಳಪ್ಪನ ಮನೆಗೆ ಹೋಗಿ ರೊಟ್ಟಿ ಉಂಡರಂತೆ.

"ಬೆರಳ ತಿಂದವನ ಮನ್ಯಾಗ ಉಂಡ ಬಂದ ನೋಡ್ರಿ, ಅಂಥಾ ಮನಸ್ಯಾ ಇವ," ಎಂದು ಸಂಗಪ್ಪ ಹೇಳಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಮಾಳಪ್ಪ ಪ್ರತಿ ಸೋಮವಾರ ಬೆಣ್ಣೆ ತರುತ್ತಿದ್ದ. ಕಾಕಾನ ಹೊಲಕ್ಕೆ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಡುತ್ತಿದ್ದ. ಬೇಡವೆಂದರೂ ಕೇಳುತ್ತಿರಲಿಲ್ಲ. ಅವನು ಬಂದಾಗ ಕಾಕಾ ಯಾವುದೋ ನೆವ ಮಾಡಿ ಹಿತ್ತಲಿಗೆ ಹೋಗುವುದನ್ನು ಗಮನಿಸಿದ್ದೆ. ಹಳೆಯ ನೋವು ಇರಬೇಕೆಂದು ತಿಳಿದಿದ್ದೆ.

ಎಂಬತ್ತರ ದಶಕದ ಆರಂಭದ ಒಂದು ವರ್ಷ ಸ್ವಾತಂತ್ರ್ಯ ದಿನದಂದು ಕಾಕಾನಿಗೆ ಶಾಲೆಯ ಅಂಗಳದಲ್ಲಿ ಶಾಲು ಹೊದಿಸಬೇಕೆಂದು ಊರವರು ನಿರ್ಧರಿಸಿದರು. ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವಿವರ ಕೇಳಿದರೆ ಕಾಕಾ ಹಾರಿಕೆಯ ಉತ್ತರ ಕೊಟ್ಟರು. ಮೂರನೆಯ ಸಲ ಕೇಳಿದಾಗ, "ಏನ ಬರೀತೀರಿ ಬಿಡ್ರಿ, ಬ್ಯಾಡ," ಎಂದು ಎದ್ದು ಹೋದರು.

ಅದೇ ವಾರ ಮಾಳಪ್ಪ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಕಾಯುತ್ತ ನಿಂತಿದ್ದ.

"ಮಾಸ್ತರ, ಒಂದು ಮಾತು ನಡಸಿಕೊಡ್ರಿ. ಶಾಲು ಹಾಕೂ ಮುಂದ ನನಗೂ ಎರಡ ಮಾತು ಆಡಾಕ ಬಿಡ್ರಿ."

"ಏನು ಮಾತಾಡ್ತಿ ಮಾಳಪ್ಪಾ?"

"ಎಲ್ಲಾರ ಮುಂದ ಆತನ ಕಾಲ ಹಿಡೀಬೇಕು. ತಪ್ಪಾತು ಅನಬೇಕು. ಆತ ಒಂದು ದಿನ ಬೈಲಿಲ್ಲ, ಅದಕ್ಕ ನನ್ನ ಎದಿ ಮ್ಯಾಲಿನ ಭಾರ ಇಳೀವಲ್ದು. ಊರ ಮುಂದ ಅಂದ್ರ ಇಳದೀತು."

ಒಳ್ಳೆಯ ಸುದ್ದಿ ಒಯ್ಯುವವನಂತೆ ಮನೆಗೆ ಹೋಗಿ ಇದನ್ನು ಕಾಕಾನಿಗೆ ಹೇಳಿದೆ. ಅವರು ಮುರಿದ ರೊಟ್ಟಿಯ ತುಂಡನ್ನು ತಾಟಿನಲ್ಲಿ ವಾಪಸು ಇಟ್ಟರು. ಆ ಹೊತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಕಾಕಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದರು. ಮೂರನೆಯ ದಿನ ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಕೇಳಿದರು.

"ಮಾಸ್ತರ, ನೀವು ಓದಿದವರು. ಹಾಳು ಬಿದ್ದ ಬಾವಿ ಇರತೈತಿ, ಮಂದಿ ಕಲ್ಲ ಹಾಕಿ ಮುಚ್ಚಿರ್ತಾರ. ಅದನ್ನ ತಗೀಬೇಕೋ, ಹಂಗ ಬಿಡಬೇಕೋ?"

ಏನೋ ಕೆಟ್ಟದ್ದು ಹೊರಬರಲಿದೆ ಎಂದು ನನಗೆ ಆಗಲೇ ಅನಿಸಿತು. ಅದು ಬಾರದಿದ್ದರೆ ಸಾಕೆಂದು, "ಹಂಗ ಬಿಡ್ರಿ ಕಾಕಾ, ತಗದ್ರ ಯಾರಿಗೆ ಏನ ಉಪಯೋಗ?" ಎಂದೆ. ಅವರು ಎದ್ದು ಧೋತರ ಕೊಡವಿಕೊಂಡರು. "ರವಿವಾರ ಸಂಗಪ್ಪನ ಅಂಗಡಿಗೆ ಬರ್ರಿ," ಎಂದಷ್ಟೇ ಹೇಳಿದರು.

ರವಿವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಶೇಂಗಾ ಚೀಲಗಳ ನಡುವೆ ಅವರು ಸೇರುವುದು ವರ್ಷಗಳ ರೂಢಿ. ಸಂಗಪ್ಪ ಇದ್ದರು. ಇಳಕಲ್ಲಿನಲ್ಲಿ ಸೀರೆ ಮಗ್ಗ ಇಟ್ಟಿದ್ದ ಹಳೆಯ ಗೆಳೆಯ ರಾಜೇಸಾಬ ಬಂದಿದ್ದ. ಮಾಳಪ್ಪ ಎಂದಿನಂತೆ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಕಾಕಾ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದರು.

"ಮಾಳ್ಯಾ, ಆ ಗುಂಡು ನಿನ್ನ ಕೈಯಿಂದ ಹಾರಿದ್ದಲ್ಲ."

ಮಾಳಪ್ಪ ನಕ್ಕ. "ಬಿಡಲೇ, ನನಗ ಸಮಾಧಾನ ಮಾಡಾಕ ಏನರ ಹೇಳಬ್ಯಾಡ."

"ಸಮಾಧಾನ ಅಲ್ಲ. ನಾ ಹಾರಿಸಿಕೊಂಡದ್ದು. ನೀ ಎರಡು ದಿನದಿಂದ ನಿದ್ದಿಗೆಟ್ಟಿದ್ದಿ, ಮಧ್ಯಾಹ್ನ ತೂಕಡಿಸಿದಿ. ಮರುದಿನ ಮುಂದಿನ ಸಾಲಿಗೆ ಹೋಗ್ರಿ ಅಂತ ಹುಕುಂ ಬಂದಿತ್ತು. ನನಗ ಸಾಯೂ ಅಂಜಿಕಿ. ನಿನ್ನ ತೊಡಿ ಮ್ಯಾಲಿನ ಬಂದೂಕಿನ ನಳಿಗಿಗೆ ಕೈ ಇಟ್ಟು ನಾನ ಗುಂಡು ಹಾರಿಸೂ ಕುದರಿ ಒತ್ತಿದೆ. ನೀ ಎದ್ದು ನೋಡಿ, ಏನ ಮಾಡಿದ್ನೋ ಅಂತ ಅಳಾಕ ಹತ್ತಿದಿ. ನಾ ಸುಮ್ಮನಾದೆ. ಸಾಹೇಬ ಕೇಳಿದಾಗ ಹೌದು, ಇವನ ಬಂದೂಕ ಅಂದೆ."

ಕದಿರು ಇನ್ನೂ ತಿರುಗುತ್ತಿತ್ತು. ನೂಲು ಹರಿದು ಅದು ನೆಲಕ್ಕೆ ಬಿದ್ದು ಚೀಲದ ಕೆಳಗೆ ಉರುಳಿತು. ಯಾರೂ ಎತ್ತಲಿಲ್ಲ.

"ಅಂದ್ರ ನನ್ನ ಬೆರಳು ಕುದರಿ ಮ್ಯಾಲ ಇರಲಿಲ್ಲ?" ಮಾಳಪ್ಪ ಕೇಳಿದ.

"ಇರಲಿಲ್ಲ."

"ನಿದ್ದಿಗಣ್ಣಾಗ ನಾ ಒತ್ತಲಿಲ್ಲ?"

"ಇಲ್ಲ."

ಮಾಳಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ನಿದ್ದಿಯಾಗ ನನ್ನ ಕೈ ಏನ ಮಾಡತಾವೋ ಅಂತ, ನನ್ನ ಕೂಸುಗಳನ್ನ ಒಂದು ದಿನಾನೂ ಮಗ್ಗಲದಾಗ ಹಾಕ್ಕೊಂಡು ಮಲಗಲಿಲ್ಲಲೇ ನಾ. ಅವು ದೊಡ್ಡವಾದ್ವು. ನಮ್ಮಪ್ಪ ಸಾಯೂತನಕ ನನ್ನ ಕೂಡ ಸರಳ ಮಾತಾಡಲಿಲ್ಲ. ನೀ ಬಂದು ನಮ್ಮ ಮನ್ಯಾಗ ರೊಟ್ಟಿ ಉಂಡಿ."

ಸಂಗಪ್ಪ ಎದ್ದು ಕಾಕಾನ ಮುಂದೆ ನಿಂತರು. ಹಣೆಯ ವಿಭೂತಿಯ ಕೆಳಗೆ ಮುಖ ಕಪ್ಪಿಟ್ಟಿತ್ತು. "ಹೊಡೀಬೇಕು ಅನಸತೈತಿ ನಿನ್ನ. ನಾನೂ ಇವನ್ನ ಇಷ್ಟು ವರ್ಷ ಎಷ್ಟು ಹೀಯಾಳಿಸೀನಿ. ನನ್ನ ಬಾಯಾಗೂ ಆ ಪಾಪ ಹಾಕಿದೆಲ್ಲೋ." ಆದರೆ ಕೈ ಎತ್ತಲಿಲ್ಲ. ರಾಜೇಸಾಬ ಅವರ ತೋಳು ಹಿಡಿದು ಕೂರಿಸಿದ.

"ಹೊಡೀರಿ," ಎಂದರು ಕಾಕಾ.

ಮಾಳಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು, ಕಾಕಾನನ್ನು ಮುಟ್ಟದಂತೆ ಮೈ ಓರೆ ಮಾಡಿ ಬಾಗಿಲು ದಾಟಿ ಹೋದ.

ಅಂದು ಮಧ್ಯಾಹ್ನದೊಳಗೆ ಸುದ್ದಿ ಊರು ತುಂಬ ಹರಡಿತು. ಸನ್ಮಾನ ಬೇಡವೆಂದು ಕಾಕಾ ತಾವೇ ಹಿರಿಯರ ಮನೆಮನೆಗೆ ಹೋಗಿ ಹೇಳಿ ಬಂದರು. ಕಾಕಿ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕೂತು, "ಇಷ್ಟು ವರ್ಷ ಆ ಮಾಳಪ್ಪನ ಬೆಣ್ಣಿ ತಿಂದೀನ್ರಿ ಮಾಸ್ತರ. ಈಗ ಅದನ್ನ ಹ್ಯಾಂಗ ಕಕ್ಕಲಿ?" ಎಂದರು. ಗಂಡನೊಂದಿಗೆ ಆಕೆ ಮಾತಾಡಲು ಒಂದು ತಿಂಗಳು ಹಿಡಿಯಿತು. ನಾನೂ ಬೇರೆ ಮನೆ ನೋಡತೊಡಗಿದ್ದೆ. ಅಂಥವರ ಜೊತೆ ಉಂಡೆನಲ್ಲ ಎಂಬ ಸಿಟ್ಟು ನನಗಿತ್ತು. ಬಾವಿ ಮುಚ್ಚಿಡಿ ಎಂದಿದ್ದವನು ನಾನೇ ಎಂಬುದು ನೆನಪಾದಾಗ ಹುಡುಕುವುದನ್ನು ಬಿಟ್ಟೆ.

ಒಂದು ದಿನ ಕಾಕಾ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟರು. ಫೌಜಿನ ಕಚೇರಿಗೆ ಎಲ್ಲವನ್ನೂ ಬರೆಯಬೇಕಿತ್ತು. "ಏನೂ ಮೆತ್ತಗ ಮಾಡಿ ಬರೀಬ್ಯಾಡ್ರಿ. ಅಂಜಿ ಮಾಡಿದೆ, ಸುಳ್ಳ ಹೇಳಿದೆ, ಹಂಗ ಬರೀರಿ. ಮಾಳಪ್ಪ ನಿರಪರಾಧಿ, ಇಷ್ಟು ದೊಡ್ಡ ಅಕ್ಷರದಾಗ." ಪೆನ್ಶನ್ ನಿಂತೀತು, ಹಿಡಿದುಕೊಂಡು ಹೋದಾರು ಎಂದೆ. "ಹೋಗಲಿ," ಎಂದರು. ಇಂಥ ಮೂರು ಪತ್ರ ಬರೆದೆವು. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ, ಪ್ರಕರಣ ಬಹಳ ಹಳೆಯದು, ಈಗ ಏನೂ ಮಾಡಲಾಗದು ಎಂಬ ಎರಡು ಸಾಲು ಬಂತು. ಕಾಕಾ ಅದನ್ನು ಮಾಳಪ್ಪನ ಹಟ್ಟಿಗೆ ಒಯ್ದು ಹೊರಗಿನ ಕಲ್ಲಿನ ಮೇಲಿಟ್ಟು ಬಂದರು. ಒಳಗಿನಿಂದ ಯಾರೂ ಕರೆಯಲಿಲ್ಲ.

ಆಮೇಲೆ ಕಾಕಾ ಎರಡು ವರ್ಷ ಬದುಕಿದರು. ಸಂಗಪ್ಪನ ಪಡಸಾಲೆಗೆ ಮತ್ತೆ ಹೋಗಲಿಲ್ಲ. ಮಾಳಪ್ಪ ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಲ್ಲುತ್ತಿದ್ದರು. ಅವನು ನೋಡದೆ ಹೋಗುತ್ತಿದ್ದ. "ಮಾತಾಡ್ಸಿ ನೋಡ್ರಲ್ಲ," ಎಂದು ನಾನೊಮ್ಮೆ ಅಂದೆ. "ಮಾತಾಡೂದು ಬಿಡೂದು ಆತನ ಖುಷಿ ಮಾಸ್ತರ. ಅದನ್ನ ನಾ ಕೇಳಬಾರದು," ಎಂದರು.

ಎದೆನೋವಿನಿಂದ ಅವರು ಹೋದ ದಿನ ಮಣ್ಣಿಗೆ ಬಂದವರು ಮೂವತ್ತು ಜನರೂ ಇರಲಿಲ್ಲ. ಸಂಗಪ್ಪ ಬಂದಿದ್ದರು, ಹಿಡಿ ಮಣ್ಣು ಹಾಕಿ ಬೇಗ ಹೋದರು. ಎಲ್ಲರೂ ಚದುರಿದ ಮೇಲೆ ಹೊಲದ ಬದುವಿನಲ್ಲಿ ಮಾಳಪ್ಪ ನಿಂತಿರುವುದು ಕಂಡಿತು. ನಿಧಾನವಾಗಿ ಬಂದು ಕುಣಿಯ ಹತ್ತಿರ ನಿಂತ.

"ಆತ ಹೇಳದ ಸತ್ತಿದ್ರ, ನಾ ಇವತ್ತ ಬಾಯಿ ಬಡಕೊಂಡು ಅಳತಿದ್ದೆ ಮಾಸ್ತರ," ಎಂದ. "ಹೇಳ್ಯಾನ. ಅದಕ್ಕ ಅಳೂನೂ ಬರವಲ್ದು. ಸಿಟ್ಟು ಹುಡುಕಿದ್ರ ಅದೂ ಮೊದಲಿನಷ್ಟು ಸಿಗವಲ್ದು."

ಗಾಳಿಗೆ ಹೊಸ ಮಣ್ಣಿನ ಪುಡಿ ಏಳುತ್ತಿತ್ತು. ಅವನು ಬಗ್ಗಿ ಒಂದು ಹಿಡಿ ಎತ್ತಿದ, ಕೈಯಲ್ಲೇ ಬಹಳ ಹೊತ್ತು ಹಿಡಿದಿದ್ದು, ಹಾಕಿದ. ಕೈ ಒರೆಸಿಕೊಂಡು ಊರಿನ ಕಡೆ ತಿರುಗಿದ.

"ನಡೀರಿ. ಮನ್ಯಾಗ ನಿಮ್ಮ ಕಾಕಿ ಒಬ್ಬಾಕಿ ಅದಾಳ. ಮುಂಜಾನಿಂದ ಏನೂ ತಿಂದಿರಾಕಿಲ್ಲ."