ಕಿವಿಯಕ್ಕನ ಗಿಡ್ಡ ಕೇಬಲ್ಲು

ಬಂದರಿನ ಕಾವಲು ಕೋಣೆಯಲ್ಲಿ ಹೆಡ್‌ಫೋನು ಏರಿಸಿ ಕೂರುವ ಹೆಂಗಸಿಗೆ ದೋಣಿಯವರೆಲ್ಲ ಇಟ್ಟ ಹೆಸರು ಕಿವಿಯಕ್ಕ. ಕಡಲ ಮೇಲೆ ಯಾರು ಕೆಮ್ಮಿದರೂ ಇವಳಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಗಂಡ ಕೂಗಿದರೆ ಮಾತ್ರ ಕೇಳಿಸುವುದಿಲ್ಲ ಅಂತ ಅವರ ತಮಾಷೆ. ಅವಳೂ ನಗುತ್ತಿದ್ದಳು. ಅವತ್ತು ಮಧ್ಯಾಹ್ನ ಮಾತ್ರ ಆ ಕಿವಿ ಕೈಕೊಟ್ಟಿತು.

"ಎಂಜಿನ್ ಸತ್ತೋಗಿದೆ ಅಕ್ಕಾ. ತಳದಲ್ಲಿ ನೀರು ಬರ್ತಿದೆ. ನಾವಿಬ್ರೂ ಈಗ..."

ಅದು ಅವಳ ಒಡಹುಟ್ಟಿದ ತಮ್ಮನ ದನಿ. ಅಷ್ಟಕ್ಕೇ ಕಡಿಯಿತು. ಕಂಪ್ಯೂಟರ್ ಪರದೆಯ ಮೇಲೆ ಓಡುತ್ತಿದ್ದ ಅಲೆಗಳು ನಿಂತು, 'ಸಾಧನ ಸಿಗುತ್ತಿಲ್ಲ' ಅನ್ನುವ ಸಾಲು ಮೂಡಿತು.

ಆ ಕೋಣೆಯ ಸಂಸಾರವೇ ಹಾಗೆ, ಬಾಯಿ ಒಂದು ಕಡೆ, ಕಿವಿ ಇನ್ನೊಂದು ಕಡೆ. ಹಳೇ ರೇಡಿಯೋದಲ್ಲಿ ಕೇಳುವ ಭಾಗ ಕೆಟ್ಟು ಯಾವುದೋ ಕಾಲವಾಗಿದೆ, ಈಗ ಅದು ಮಾತಾಡುವುದಕ್ಕಷ್ಟೇ. ಕೇಳುವುದಕ್ಕೆ ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದಿದೆ. ಆಂಟೆನಾ ಹಿಡಿದದ್ದನ್ನು ಅದು ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಸುರಿಯುತ್ತದೆ, ಅದರಲ್ಲಿ ಮನುಷ್ಯರ ದನಿ ಯಾವುದೆಂದು ಸಾಫ್ಟ್‌ವೇರ್ ಆರಿಸಿ ಕೊಡುತ್ತದೆ.

ಅವಳು ಮೈಕು ಹಿಡಿದಳು. "ನಿನ್ನ ಮಾತು ನನಗೆ ಕೇಳ್ತಿಲ್ಲ. ಬ್ಯಾಟರಿ ಉಳಿಸ್ಕೋ. ನಾನು ಹೇಳೋ ತನಕ ಬಾಯಿ ಮುಚ್ಕೊಂಡಿರು."

ಚಿಕ್ಕಂದಿನಿಂದ ಈ ಮಾತನ್ನು ಹೇಳುತ್ತಲೇ ಬಂದಿದ್ದಳು. ಅವನು ಒಂದು ದಿನವೂ ಕೇಳಿದವನಲ್ಲ.

ರಕ್ಷಣಾ ದೋಣಿಯ ಚಾಲಕ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಾ ಬಾಗಿಲಲ್ಲಿ ನಿಂತಿದ್ದ. "ಬಂಡೆಸಾಲಿನ ಈಚೆಗೋ ಆಚೆಗೋ, ಅಷ್ಟು ಹೇಳಮ್ಮ ಸಾಕು. ಈ ಮಂಜಲ್ಲಿ ಎರಡೂ ಕಡೆ ಹುಡುಕ್ತಾ ಕೂತ್ರೆ ಸಿಗೋದು ಬರೀ ಹಲಗೆ."

"ಸ್ವಲ್ಪ ತಡ್ಕೋ."

"ನಾನು ತಡ್ಕೋತೀನಿ. ನೀರು ತಡ್ಕೋಬೇಕಲ್ಲ."

ಒಂದು ಪೆಟ್ಟಿಗೆಯನ್ನು ಎರಡು ಸಾಫ್ಟ್‌ವೇರು ಒಟ್ಟಿಗೆ ಹಿಡಿಯಲಾರವು. ಅದು ಅವಳಿಗೆ ಗೊತ್ತಿದ್ದ ವಿಷಯ. ಹಿಂದಿನ ದಿನ ತಪಾಸಣೆಗೆ ಬಂದ ಸಾಹೇಬರಿಗೆ ಬಣ್ಣಬಣ್ಣದ ಅಲೆ ತೋರಿಸಲಿಕ್ಕೆಂದು ಮೇಲ್ವಿಚಾರಕರು ತೆರೆದಿಟ್ಟ ಇನ್ನೊಂದು ಸಾಫ್ಟ್‌ವೇರು ಇನ್ನೂ ಹಿಂದೆ ಕೂತಿತ್ತು. ಅದನ್ನು ಮುಚ್ಚಿದಳು. ಪೆಟ್ಟಿಗೆಯ ಹೆಸರು ಪರದೆಗೆ ಬಂತು. ಶುರು ಒತ್ತಿದಳು. ಅಲೆ ಓಡಿತು, ಉಸಿರು ಬಿಡುವಷ್ಟರಲ್ಲಿ ಮತ್ತೆ ಮಾಯ. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಮತ್ತೆ ಅದೇ ಆಟ: ಹೆಸರು ಬರುತ್ತದೆ, ಕೆಲಸ ಕೊಟ್ಟರೆ ಓಡಿಹೋಗುತ್ತದೆ.

ಸುಮ್ಮನಿದ್ದಾಗ ಇರುತ್ತದೆ, ದುಡಿಸಿದಾಗ ಬೀಳುತ್ತದೆ. ಹಾಗಾದರೆ ಪೆಟ್ಟಿಗೆಗೂ ಏನೂ ಆಗಿಲ್ಲ, ಸಾಫ್ಟ್‌ವೇರಿಗೂ ಏನೂ ಆಗಿಲ್ಲ. ನಡುವಿನ ದಾರಿ ಹೊರೆ ತಡೆಯುತ್ತಿಲ್ಲ.

ದಾರಿ. ಅವಳು ಕಪಾಟಿನ ಕಡೆ ತಿರುಗಿದಳು. ಸಾಹೇಬರ ಕಣ್ಣಿಗೆ ವೈರು ಬೀಳಬಾರದೆಂದು ಮೇಲ್ವಿಚಾರಕರು ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಕಟ್ಟಿಸಿ, ಹಳೇ ಗಿಡ್ಡ ಕೇಬಲ್ಲಿನ ಬದಲು ಗೋಡೆಯ ಬಣ್ಣದ ಸಪೂರ ಉದ್ದ ಕೇಬಲ್ಲು ಎಳೆಸಿದ್ದರು. ಜನರ ಜೀವ ಕಾಯುವ ಕೋಣೆಗೆ ಮದುವೆ ಮನೆಯ ಸಿಂಗಾರ. ಟೇಬಲ್ಲಿನ ಮೇಲೆ ಖಾಲಿಯಾದ ಜಾಗಕ್ಕೆ ಹೂದಾನಿ ತಂದಿಟ್ಟವಳು ಇವಳೇ. "ಚೆನ್ನಾಗಿ ಕಾಣ್ತಿದೆ ಸರ್" ಅಂದವಳೂ ಇವಳೇ.

"ಗಿಡ್ಡ ಕೇಬಲ್ ಎಲ್ಲಿ?" ಅನ್ನುತ್ತಲೇ ಪಕ್ಕದ ಕೋಣೆಗೆ ನುಗ್ಗಿದಳು.

ಆ ದಪ್ಪ ಕಪ್ಪು ಕೇಬಲ್ಲು ಮೇಲ್ವಿಚಾರಕರ ಪ್ರಿಂಟರಿಗೆ ಸಿಕ್ಕಿಕೊಂಡಿತ್ತು. ತಪಾಸಣೆಯ ಫೋಟೋಗಳು ಅಚ್ಚಾಗುತ್ತಿದ್ದವು.

"ಒಂದೇ ನಿಮಿಷ ತಾಯಿ, ಸಾಹೇಬ್ರ ಮುಖ ಅರ್ಧ ಬಂದಿದೆ" ಅಂದರು ಮೇಲ್ವಿಚಾರಕರು.

ಅವಳು ಕಿತ್ತಳು. ಸಾಹೇಬರು ಹಣೆ, ಕಣ್ಣು, ಮೂಗಿನ ತನಕ ಮೂಡಿ ಅಲ್ಲಿಗೇ ನಿಂತರು.

ಚಾಲಕ ಕಪಾಟಿಗೆ ಹೆಗಲು ಕೊಟ್ಟ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಯನ್ನು ಅವಳು ಕತ್ತರಿಸಿದಳು, ಹೂದಾನಿಯನ್ನು ಮೊಣಕೈಯಿಂದ ತಳ್ಳಿ ಪೆಟ್ಟಿಗೆಯನ್ನು ಹಳೇ ಜಾಗಕ್ಕೆ ತಂದು ಕೇಬಲ್ಲು ಚುಚ್ಚಿದಳು. ಹೆಸರು ಬಂತು. ಶುರು ಒತ್ತಿದಳು. ಅಲೆ ಓಡಿತು. ಓಡುತ್ತಲೇ ಇತ್ತು.

"ಈಗ ಮಾತಾಡು."

ಬರೀ ಗೊರಗೊರ.

"ಮಾತಾಡೋ. ಕೇಳಿಸ್ಕೋತಿದೀನಿ."

ಗೊರಗೊರ. ಚಾಲಕ ಮತ್ತೆ ಬಾಗಿಲಿಗೆ ಹೋಗಿ ನಿಂತಿದ್ದ. ಬಾಯಿ ಮುಚ್ಚಿಕೊಂಡಿರು ಅಂದ ತನ್ನ ನಾಲಿಗೆಯನ್ನೇ ಅವಳು ಶಪಿಸಿಕೊಂಡಳು.

ಆಮೇಲೆ ಬಾವಿಯ ತಳದಿಂದ ಬಂದಂಥ ದನಿ: "ಸುಮ್ನಿರು ಅಂದೋಳೂ ನೀನೇ, ಮಾತಾಡು ಅನ್ನೋಳೂ ನೀನೇ. ಬಂಡೆಸಾಲಿನ ಆಚೆ ಇದ್ದೀವಿ. ಒಂಟಿ ಬಂಡೆ ಬಲಕ್ಕಿದೆ. ನೀರು ಮೊಣಕಾಲಿಗೆ ಬಂತು ಅಕ್ಕಾ, ಬೇಗ."

ಮಾತು ಮುಗಿಯುವುದರೊಳಗೆ ಬಾಗಿಲಲ್ಲಿ ಚಾಲಕ ಇರಲಿಲ್ಲ.

"ಇಬ್ಬರೂ ಸಿಕ್ಕಿದ್ರು, ಒದ್ದೆ ಮುದ್ದೆ ಆಗವ್ರೆ" ಅಂತ ರಕ್ಷಣಾ ದೋಣಿಯಿಂದ ಸುದ್ದಿ ಬರುವ ತನಕ ಅವಳು ಹೆಡ್‌ಫೋನು ತೆಗೆಯಲಿಲ್ಲ. ತೆಗೆದಾಗ ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಬಾಯಿಯಿಲ್ಲದ ಸಾಹೇಬರ ಫೋಟೋ.

"ಒಳ್ಳೇದಾಯ್ತಮ್ಮ. ಆದ್ರೆ ಇದನ್ನ ಹೀಗೇ ಟೇಬಲ್ ಮೇಲೆ ಹರವಿಟ್ರೆ ನೋಡೋಕೆ ಅಸಹ್ಯ ಅಲ್ವಾ? ಫೋಟೋನೂ ಮುಗಿಸ್ಬೇಕು."

ಅವಳು ಕೇಬಲ್ಲಿನ ಮೇಲೆ ಕೈಯಿಟ್ಟಳು.

"ಅಸಹ್ಯವಾಗೇ ಇರ್ಲಿ ಸರ್. ಬೇಕಾದ್ರೆ ಹೂದಾನಿ ನಿಮ್ಮ ಪ್ರಿಂಟರ್ ಪಕ್ಕ ಇಟ್ಕೊಳ್ಳಿ."